ನಾಲ್ಕು ಸೆಕೆಂಡು

ಗುರು ಪಡುವಣಕ್ಕಿಳಿದಿದ್ದ, ಕನ್ಯೆಯ ಮಗ್ಗುಲಲ್ಲಿ,
ಗೋಧಿ ಸೈಲೋದ ಹೆಗಲು ತಾಗುವಷ್ಟು ಕೆಳಗೆ.
ಕೂನಬರಾಬ್ರನ್ನಿನ ಜುಲೈ. ಹುಲ್ಲಿನ ಮೇಲೆ ಇಬ್ಬನಿ
ಹರಳುಗಟ್ಟುವ ಹೊತ್ತು.
ಆಸ್ಪತ್ರೆಯ ಪಾಳಿ ಮುಗಿಸಿ ನೇರ ಬಂದವಳು ನಾನು,
ಎದೆಯ ಬ್ಯಾಡ್ಜು ತೆಗೆದಿಲ್ಲ, ಬೆರಳಲ್ಲಿನ್ನೂ ಸ್ಪಿರಿಟ್ಟಿನ ವಾಸನೆ.

‘ಇವತ್ತು ನಿನ್ನ ಕಣ್ಣು ಬೇಕು’ ಅಂದಿದ್ದ ಕ್ಲೈವ್ ಪೆಂಡರ್.
ನಲವತ್ತು ವರ್ಷ ಕುರಿಯುಣ್ಣೆಯ ಎಳೆ ಬೆಳಕಿಗೆ ಹಿಡಿದು
ದರ್ಜೆ ಹೇಳಿದ ಮನುಷ್ಯ. ಈಗ ಎರಡೂ ಕಣ್ಣಿಗೆ ಪೊರೆ,
ಆಪರೇಷನ್ನಿಗೆ ಡಬ್ಬೋದಲ್ಲಿ ಸರದಿ.

ವಿಷಯ ಇಷ್ಟೆ.
ಗುರುವಿನ ದಾರಿಯಲ್ಲೇ, ಅವನಿಗಿಂತ ಅರವತ್ತು ಡಿಗ್ರಿ ಮುಂದೆ,
ಒಂದು ಕಲ್ಲು ಸುತ್ತುತ್ತಿದೆ. ಹೆಸರಿಲ್ಲ, ನಂಬರು ಮಾತ್ರ.
ಅವನಿಗೆ ಹನ್ನೆರಡು ವರ್ಷಕ್ಕೊಂದು ಸುತ್ತು, ಇದಕ್ಕೂ ಅಷ್ಟೇ.
ಹತ್ತಿರ ಸರಿಯುವುದಿಲ್ಲ, ಬಿಟ್ಟೂ ಹೋಗುವುದಿಲ್ಲ.
ಹೊರಡುತ್ತೇನೆ ಎಂದೆದ್ದವರು
ಹೊಸ್ತಿಲಲ್ಲಿ ನಿಂತು ಮಾತು ಮುಂದುವರಿಸಿದ ಹಾಗೆ
ಒಂದಿಷ್ಟು ಹಿಂದೆ, ಒಂದಿಷ್ಟು ಮುಂದೆ ತೂಗುತ್ತದಂತೆ.
ಗುರುವಿನ ಮುಂದೆ ನಡೆಯಬಾರದು ಅನ್ನುತ್ತಾರೆ ನಮ್ಮಲ್ಲಿ.
ಈ ಕಲ್ಲಿಗೆ ಯಾರು ಹೇಳಬೇಕು.

ರಾತ್ರಿ ಹನ್ನೊಂದು ಹದಿನಾಲ್ಕಕ್ಕೆ ಅದು
ವೃಶ್ಚಿಕದ ಒಂದು ಬಡ ಚುಕ್ಕೆಯನ್ನು ಮುಚ್ಚಬೇಕು.
ನಾಲ್ಕು ಸೆಕೆಂಡು, ಹೆಚ್ಚೆಂದರೆ.
ಬಾರಡೈನಿನಲ್ಲಿ ಒಬ್ಬ, ಬಿನ್ನಾವೇಯಲ್ಲಿ ಡಾಟ್ ಎಂಬ ಮುದುಕಿ,
ನಡುವೆ ನಾವು. ಮೂರು ಅಂಗಳ, ಮೂರು ದೂರದರ್ಶಕ.
‘ಆರಿದಾಗ ಕೂಗು, ಮರಳಿದಾಗ ಕೂಗು, ನಿನ್ನ ಭಾಷೆಯಲ್ಲೇ.
ಬಾಯಿಗೆ ಬೇಗ ಬರುವುದು ಅದೇ.’
ಟೇಪು ಒತ್ತಿದ. ರೇಡಿಯೊ ಸೆಕೆಂಡಿಗೊಂದು ಟಿಕ್ಕೆಂದಿತು.

ನನಗೂ ಗುರುವಿಗೂ ಹಳೆಯ ಲೆಕ್ಕವಿದೆ.
ಹಾವೇರಿಯಲ್ಲಿ ಚಿಕ್ಕಮ್ಮ ಪಂಚಾಂಗದ ಮೇಲೆ ಬೆರಳೂರಿ
‘ಗುರುಬಲ ಇಲ್ಲವ್ವಾ ಈ ವರ್ಷ’ ಅಂದಳು
ನನ್ನ ಇಪ್ಪತ್ತಾರರಲ್ಲಿ. ಮೂವತ್ತೊಂದರಲ್ಲೂ ಅಂದಳು.
ನಡುವೆ ಒಂದು ವರ್ಷ ಇತ್ತಂತೆ;
ಆ ವರ್ಷ ಅಪ್ಪನ ಕಾಲು ಮುರಿದಿತ್ತು.
ಬಂದವರು ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಹೋದರು.
ಯಾರ ಮೇಲೂ ಯಾರಿಗೂ ಸಿಟ್ಟಿರಲಿಲ್ಲ,
ಅಷ್ಟು ದೊಡ್ಡ ಗ್ರಹ, ಎಷ್ಟು ಹೊರಿಸಿದರೂ ಹೊರುತ್ತಿತ್ತು.

ಕಣ್ಣು ಮಿಟುಕಿಸದೆ ನೋಡಿದೆ.
ನಾಡಿ ಹಿಡಿದು ಎಣಿಸಿದ ಅಭ್ಯಾಸ, ಎಣಿಸುತ್ತಲೇ ಇದ್ದೆ.
‘ಹೋಯ್ತು’ ಎಂಬ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು.
ವಾರ್ಡಿನಲ್ಲಿ ನಾನು ಆಡದೆ ನುಂಗುವ ಮಾತು ಅದು.
ಹೆದ್ದಾರಿಯಲ್ಲಿ ಕುರಿ ತುಂಬಿದ ಲಾರಿ ಹಾಯಿತು.
ಹದಿನಾಲ್ಕು. ಹದಿನೈದು. ಹದಿನಾರು.

ಚುಕ್ಕೆ ಆರಲಿಲ್ಲ.

‘ಖಂಡಿತಾ?’ ಅಂದ. ಖಂಡಿತಾ, ಅಂದೆ.
ಇಡೀ ಸಂಜೆ ಕೆಡಿಸಿದವಳಂತೆ ಕೈ ಉಜ್ಜುತ್ತ ನಿಂತೆ.
ಅವನು ಟಾರ್ಚಿನ ಕೆಂಪು ಬೆಳಕಲ್ಲಿ ನೋಟ್‌ಬುಕ್ಕಿಗೆ ಬಗ್ಗಿ
ಇಲ್ಲ ಎಂದು ಬರೆದ, ಶೇರು ಬಿದ್ದವನ ಮುಖವಲ್ಲ, ಗೆದ್ದವನ ಮುಖದಲ್ಲಿ.
ಅಷ್ಟರಲ್ಲಿ ಫೋನು: ಬಿನ್ನಾವೇಯ ಡಾಟ್‌ಗೆ ಸಿಕ್ಕಿತ್ತು,
ಒಂದೂಮುಕ್ಕಾಲು ಸೆಕೆಂಡು ಕತ್ತಲೆ.
‘ನೋಡು, ಕಲ್ಲಿನ ಅಂಚು ಅವಳ ಅಂಗಳ ದಾಟಿ
ನಮ್ಮ ಬೇಲಿ ಮುಟ್ಟದೆ ಎಲ್ಲೋ ಮುಗಿಯಿತು.
ಇಲ್ಲ ಅನ್ನುವವರು ಒಬ್ಬರಾದರೂ ಬೇಕಮ್ಮಾ,
ಇಲ್ಲದಿದ್ದರೆ ಅದು ಎಷ್ಟಗಲ ಅಂತ ಹೇಗೆ ಗೊತ್ತಾಗಬೇಕು?’

ಟೇಪನ್ನು ಹಿಂದೆ ತಿರುಗಿಸಿ ಕೇಳಿದೆವು.
ಟಿಕ್, ಟಿಕ್, ಯಾರದೋ ನಾಯಿ, ಲಾರಿ,
ಅದರಡಿಯಲ್ಲಿ ನನ್ನದೇ ದನಿ, ನಾನು ಆಡಿದ್ದೇ ಗೊತ್ತಿಲ್ಲ,
ಪಿಸುಗುಟ್ಟುತ್ತಿದೆ: ಇದೆ. ಇದೆ. ಇನ್ನೂ ಇದೆ.

ಹಾಗೆಂದರೇನು ಎಂದ ಕ್ಲೈವ್. ಹೇಳಿದೆ.
ಪೆನ್ನು ಕೊಟ್ಟು, ಇಲ್ಲದ ಪಕ್ಕದಲ್ಲೇ ಬರೆಸಿಕೊಂಡ
ನನ್ನ ಲಿಪಿಯಲ್ಲಿ, ಎರಡಕ್ಷರ.
ತಲೆಯೆತ್ತಿದಾಗ ಸೈಲೋದ ಹಿಂದೆ ಗುರು ಇರಲಿಲ್ಲ.
ಮುಳುಗಿದ್ದು ಯಾವಾಗಲೋ, ನಾವು ನೋಡಲಿಲ್ಲ.